ಮರ ಬೆಳೆಯುವಷ್ಟು ಕಾಲ ಕಾದ ಕುಂಚ

ಮಲ್ಲೇಶ್ವರದ ಎರಡು ಮುಖ್ಯ ರಸ್ತೆಗಳಿಗೆ ಮರಗಳ ಹೆಸರಿದೆ. ಒಂದು ಸಂಪಿಗೆ ರಸ್ತೆ. ಇನ್ನೊಂದು ಮಾರ್ಗೋಸಾ ರಸ್ತೆ, ಎಂದರೆ ಬೇವಿನ ರಸ್ತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ನೆಲೆ ನಿಂತ ಬಡಾವಣೆ ಇದು. ಅಗಲವಾದ ಬೀದಿ, ಮನೆಯ ಸುತ್ತ ಕೈತೋಟ, ಬೀದಿಗೆ ಮರದ ನೆರಳು: ಇದು ಆಗಿನ ಕನಸು. ಇಂದು ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಹೂ ಬೇಕೆಂದರೆ ಮರದ ಕೆಳಗೆ ನಿಲ್ಲುವುದಕ್ಕಿಂತ ಹೂವಾಡಗಿತ್ತಿಯ ಬುಟ್ಟಿಯ ಮುಂದೆ ನಿಲ್ಲುವುದೇ ಸುಲಭ. 2014ರಲ್ಲಿ ಮೆಟ್ರೊ ರೈಲು ಬಂದಾಗ ಮರದ ಹೆಸರು ನಿಲ್ದಾಣದ ಫಲಕದ ಮೇಲೂ ಬಂತು.

ಹೆಸರು ಉಳಿದು ಮರ ಮರೆಯಾಗುವ ಊರಿನಲ್ಲಿ ಮರಗಳ ನೆನಪನ್ನು ಕಾಪಾಡುವವರು ಯಾರು? ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಗೆ ಒಂದು ಉತ್ತರವಿದೆ. ಮಲ್ಲೇಶ್ವರದ ಪಕ್ಕದ ರಾಜಾಜಿನಗರದಲ್ಲಿ ನೆಲೆಸಿದ್ದ ರುಮಾಲೆ ಚನ್ನಬಸವಯ್ಯ ಎಂಬ ಕಲಾವಿದ ಈ ನಗರದ ಹೂಬಿಟ್ಟ ಮರಗಳನ್ನು ಹಗಲಿಡೀ ಎದುರು ಕುಳಿತು ಚಿತ್ರಿಸಿದರು. ಕಬ್ಬನ್ ಪಾರ್ಕಿನ ನೆರಳು, ಲಾಲ್‌ಬಾಗಿನ ಬಣ್ಣ, ರಸ್ತೆಯಂಚಿನ ಗುಲ್‌ಮೊಹರಿನ ಕೆಂಪು ಅವರ ಚಿತ್ರಗಳಲ್ಲಿ ಇಂದಿಗೂ ಬಾಡದೆ ಉಳಿದಿವೆ.

ಆದರೆ ಈ ಚಿತ್ರಗಳ ಹಿಂದಿನ ಕತೆ ಹೆಚ್ಚು ಜನರಿಗೆ ತಿಳಿಯದು. ರುಮಾಲೆಯವರು ಹರೆಯದಲ್ಲಿ ಚಿತ್ರಕಲೆ ಕಲಿತರು. ಕಲಿಯುತ್ತಿದ್ದಾಗಲೇ ಅದನ್ನು ಬಿಟ್ಟರು. ಮತ್ತೆ ಪೂರ್ಣವಾಗಿ ಕುಂಚ ಹಿಡಿದಾಗ ಅವರಿಗೆ ಐವತ್ತು ದಾಟಿತ್ತು. ನಡುವೆ ಕಳೆದದ್ದು ಸುಮಾರು ಮೂವತ್ತು ವರ್ಷ. ಒಬ್ಬ ಕಲಾವಿದನ ಬದುಕಿನಲ್ಲಿ ಮೂವತ್ತು ವರ್ಷ ಎಂದರೇನು? ಅದು ಕಳೆದುಹೋದ ಕಾಲವೇ, ಅಥವಾ ಅದಕ್ಕೂ ಒಂದು ಲೆಕ್ಕವಿದೆಯೇ?

ಕಲಾಮಂದಿರದಿಂದ ಸೇವಾದಳಕ್ಕೆ

ರುಮಾಲೆ ಚನ್ನಬಸವಯ್ಯ ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಮಗ್ಗಗಳಿಗೆ ಹೆಸರಾದ ಊರು ಅದು. ಚಿತ್ರ ಕಲಿಯಬೇಕೆಂಬ ಆಸೆಯ ಹುಡುಗರಿಗೆ ಬೆಂಗಳೂರಿನಲ್ಲಿ ಆಗ ಇದ್ದ ಒಂದು ದಾರಿ ಕಲಾಮಂದಿರ. ಕಲಾವಿದ ಅ.ನ. ಸುಬ್ಬರಾವ್ 1919ರಲ್ಲಿ ಆರಂಭಿಸಿದ ಶಾಲೆ ಇದು. ಸರ್ಕಾರದ ದೊಡ್ಡ ಆಸರೆಯಿಲ್ಲದೆ ಒಬ್ಬ ಮೇಷ್ಟ್ರ ಹಟದಿಂದ ನಡೆದ ಈ ಶಾಲೆ ಹಳೆಯ ಮೈಸೂರು ಸೀಮೆಯ ಅನೇಕರ ಕೈಗೆ ಮೊದಲ ಬಾರಿ ಕುಂಚ ಕೊಟ್ಟಿತು. ರುಮಾಲೆ ಅಲ್ಲಿ ಕಲಿತರು. ನಂತರ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೂ ಹೋದರು.

ಆ ಹೊತ್ತಿಗೆ ದೇಶದ ಗಾಳಿಯೇ ಬದಲಾಗಿತ್ತು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದರು. ಉಪ್ಪಿನ ಸತ್ಯಾಗ್ರಹದ ಕರೆಗೆ ಓದು, ನೌಕರಿ, ವ್ಯಾಪಾರ ಬಿಟ್ಟು ಬಂದ ತರುಣರಿಗೆ ಲೆಕ್ಕವಿಲ್ಲ. ಇಪ್ಪತ್ತರ ಹರೆಯದ ರುಮಾಲೆಯೂ ಕಲಾಶಾಲೆಯಿಂದ ಚಳವಳಿಗೆ ಹೊರಳಿದರು.

ಅವರು ಆರಿಸಿಕೊಂಡದ್ದು ಭಾಷಣದ ವೇದಿಕೆಯನ್ನಲ್ಲ, ಸೇವಾದಳವನ್ನು. ಕನ್ನಡದವರೇ ಆದ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ. ಬೆಳಿಗ್ಗೆ ಎದ್ದು ಕವಾಯತು, ಧ್ವಜವಂದನೆ, ಚರಕ, ಊರು ಗುಡಿಸುವುದು, ಶಿಬಿರ ನಡೆಸುವುದು, ಸಾವಿರಾರು ಜನ ಸೇರುವ ಕಡೆ ಶಿಸ್ತು ಕಾಪಾಡುವುದು ಅದರ ಕೆಲಸ. ಹೆಸರು ಬಾರದ, ಮೈ ಬಗ್ಗಿಸಿ ಮಾಡುವ ಕೆಲಸ. ರುಮಾಲೆ ಇದರಲ್ಲಿ ಮುಳುಗಿದರು.

ಮೈಸೂರು ಮಹಾರಾಜರ ಆಳ್ವಿಕೆಯ ಸಂಸ್ಥಾನವಾದ್ದರಿಂದ ಇಲ್ಲಿ ಹೋರಾಟದ ಬಿಸಿ ಏರಲು ಕೊಂಚ ಕಾಲ ಹಿಡಿಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ 1942ರ ಕ್ವಿಟ್ ಇಂಡಿಯಾ, ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 1947ರ ‘ಮೈಸೂರು ಚಲೋ’. ಒಂದು ಚಳವಳಿ ಮುಗಿಯುವಷ್ಟರಲ್ಲಿ ಇನ್ನೊಂದು. ಇಂಥ ಕಾಲದಲ್ಲಿ ಕಾರ್ಯಕರ್ತನಾದವನಿಗೆ ಬಣ್ಣ ಕಲಸಲು ಬಿಡುವೆಲ್ಲಿ?

ಸ್ವಾತಂತ್ರ್ಯ ಬಂದ ಮೇಲಾದರೂ ಬಿಡುವು ಸಿಗಲಿಲ್ಲ. ರುಮಾಲೆ ವಿಧಾನ ಪರಿಷತ್ತಿನ ಸದಸ್ಯರಾದರು. ಕೆಲಕಾಲ ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದರು. ಹೊಸ ಅಧಿಕಾರದ ಮೆಟ್ಟಿಲು ಹತ್ತಿದ ಎಷ್ಟೋ ಹೋರಾಟಗಾರರು ಅಲ್ಲಿಯೇ ಉಳಿದರು. ರುಮಾಲೆ ಉಳಿಯಲಿಲ್ಲ. 1960ರ ದಶಕದ ಆರಂಭದಲ್ಲಿ ಅವರು ರಾಜಕೀಯದಿಂದ ಹಿಂದೆ ಸರಿದು ಬಣ್ಣದ ಪೆಟ್ಟಿಗೆ ತೆರೆದರು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಅವರ ಕೆಲಸ ಚಿತ್ರ ಬರೆಯುವುದೇ ಆಗಿತ್ತು.

ಬಿಡಲೇಬೇಕಿತ್ತೆ?

ಚಳವಳಿಗೆ ಸೇರಿದ ಕಲಾವಿದರೆಲ್ಲ ಕಲೆಯನ್ನು ಬಿಡಲಿಲ್ಲ. ಶಾಂತಿನಿಕೇತನದ ನಂದಲಾಲ್ ಬೋಸ್ 1938ರಲ್ಲಿ ಗಾಂಧೀಜಿಯ ಮಾತಿನಂತೆ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಹಳ್ಳಿಯ ಬದುಕಿನ ಚಿತ್ರಫಲಕಗಳನ್ನು ಬರೆದುಕೊಟ್ಟರು. ನೇಕಾರ, ಕುಂಬಾರ, ತಂಬೂರಿ ಹಿಡಿದವನು, ಕುಟ್ಟುವ ಬೀಸುವ ಹೆಂಗಸರು ಬಿದಿರಿನ ಮಂಟಪಗಳ ಮೇಲೆ ಎದ್ದು ನಿಂತರು. ಕಲೆಯೂ ದೇಶಸೇವೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗಾದರೆ ರುಮಾಲೆ ಏಕೆ ಬಿಟ್ಟರು ಎಂದು ಕೇಳಬಹುದು. ಇಬ್ಬರ ಸ್ಥಿತಿಯಲ್ಲಿ ವ್ಯತ್ಯಾಸವಿದೆ. 1930ರಲ್ಲಿ ನಂದಲಾಲರಿಗೆ ನಲವತ್ತೆಂಟು ವರ್ಷ. ಅವರು ಆಗಲೇ ದೊಡ್ಡ ಗುರು, ಬೆನ್ನ ಹಿಂದೆ ಒಂದು ಸಂಸ್ಥೆಯಿತ್ತು. ರುಮಾಲೆ ಇನ್ನೂ ವಿದ್ಯಾರ್ಥಿ. ತನ್ನದೆಂಬ ಶೈಲಿ ರೂಪುಗೊಳ್ಳುವ ಮೊದಲೇ ಆಯ್ಕೆ ಎದುರಾಯಿತು. ಕಟ್ಟಿದ ಮನೆಗೆ ಬೀಗ ಹಾಕಿ ಹೋದವನು ಬಂದು ಬೀಗ ತೆಗೆದರಾಯಿತು. ಪಾಯ ತೋಡಿಟ್ಟು ಹೋದವನಿಗೆ ಬಂದ ಮೇಲೆ ಕಟ್ಟುವ ಕೆಲಸವೆಲ್ಲ ಬಾಕಿ. ರುಮಾಲೆಯವರದು ಎರಡನೆಯ ಬಗೆ. ಅವರ ಮರಳುವಿಕೆ ಹೆಚ್ಚು ಕಷ್ಟದ್ದಾಗಿತ್ತು ಎನ್ನುವುದು ಇದೇ ಕಾರಣಕ್ಕೆ.

ಕೈಯ ನೆನಪು, ಕಣ್ಣಿನ ನೆನಪು

ಚಿತ್ರಕಲೆಯಲ್ಲಿ ಅಭ್ಯಾಸ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೊಂಚ ಬಿಡಿಸಿ ನೋಡಬೇಕು. ಸಂಗೀತಗಾರ ಸಾಧಕ ಬಿಟ್ಟರೆ ಕಂಠ ಹೇಳಿದಂತೆ ಕೇಳುವುದಿಲ್ಲ. ಚಿತ್ರಕಾರನ ಕೈಯೂ ಹಾಗೆಯೇ.

ರುಮಾಲೆ ಬಳಸಿದ್ದು ಮುಖ್ಯವಾಗಿ ಎರಡು ಮಾಧ್ಯಮ, ಜಲವರ್ಣ ಮತ್ತು ತೈಲವರ್ಣ. ಎರಡರ ಗುಣವೂ ಬೇರೆ ಬೇರೆ. ಜಲವರ್ಣದಲ್ಲಿ ಬಣ್ಣ ತೆಳು, ಅದರ ಮೂಲಕ ಕಾಗದದ ಬಿಳುಪು ಕಾಣುತ್ತದೆ. ಬೆಳಕು ಬೇಕಾದ ಕಡೆ ಬಣ್ಣ ಹಚ್ಚದೆ ಕಾಗದವನ್ನು ಹಾಗೆಯೇ ಬಿಡಬೇಕು. ಎಲ್ಲಿ ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ಬಿಡಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು. ಕಾಗದ ಒದ್ದೆ ಇರುವಾಗ ಹಚ್ಚಿದರೆ ಬಣ್ಣ ಹರಡುತ್ತದೆ, ಒಣಗಿದ ಮೇಲೆ ಹಚ್ಚಿದರೆ ಅಂಚು ನಿಲ್ಲುತ್ತದೆ. ಬೆಂಗಳೂರಿನ ಬಿಸಿಲಿನಲ್ಲಿ ಈ ಎರಡರ ನಡುವೆ ಸಿಗುವುದು ಕೆಲವೇ ನಿಮಿಷ. ತಪ್ಪಿದರೆ ತಿದ್ದಲು ಹೆಚ್ಚು ಅವಕಾಶವಿಲ್ಲ.

ತೈಲವರ್ಣ ಉದಾರಿ. ನಿಧಾನವಾಗಿ ಒಣಗುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಹಚ್ಚಬಹುದು, ಕೆರೆದು ತೆಗೆಯಬಹುದು, ದಪ್ಪವಾಗಿ ಮೆತ್ತಿ ಹೂವಿನ ಗೊಂಚಲನ್ನು ಎಬ್ಬಿಸಬಹುದು. ಆದರೆ ಕೈಯಲ್ಲಿ ಧೈರ್ಯವಿಲ್ಲದಿದ್ದರೆ ಎಲ್ಲ ಬಣ್ಣವೂ ಸೇರಿ ಕೆಸರಾಗುತ್ತದೆ.

ಹೀಗೆ ನೋಡಿದರೆ ಮೂವತ್ತು ವರ್ಷದ ನಂತರ ಜಲವರ್ಣಕ್ಕೆ ಕೈ ಹಾಕುವುದು ಸಾಹಸವೇ. ಈ ತುಕ್ಕನ್ನು ಬಿಡಿಸಲು ದಿನವೂ ಕೂರುವುದರ ಹೊರತು ಬೇರೆ ಉಪಾಯವಿಲ್ಲ. ರುಮಾಲೆ ಮಾಡಿದ್ದೂ ಅದನ್ನೇ. ಅವರು ಮನೆಯೊಳಗೆ ಕುಳಿತು ನೆನಪಿನಿಂದ ಚಿತ್ರ ಬರೆಯಲಿಲ್ಲ. ಸ್ಥಳಕ್ಕೇ ಹೋಗಿ, ಮರದ ಎದುರು ಕುಳಿತು, ಕಂಡದ್ದನ್ನು ಕಂಡ ಬೆಳಕಿನಲ್ಲೇ ಬರೆದರು. ಬೆಳಿಗ್ಗೆ ಎಂಟರ ನೆರಳು ಹತ್ತಕ್ಕೆ ಇರುವುದಿಲ್ಲ. ಆದ್ದರಿಂದ ಹೀಗೆ ಬರೆಯುವವನು ಹೊತ್ತಿಗೆ ಸರಿಯಾಗಿ ಹೋಗಬೇಕು, ಮರುದಿನವೂ ಅದೇ ಹೊತ್ತಿಗೆ ಹೋಗಬೇಕು. ದಿನವೂ ಬೆಳಿಗ್ಗೆ ಎದ್ದು ಕವಾಯತಿಗೆ ನಿಂತು ಅಭ್ಯಾಸವಿದ್ದ ಸೇವಾದಳದ ಕಾರ್ಯಕರ್ತನಿಗೆ ಈ ಶಿಸ್ತು ಹೊಸದಾಗಿರಲಾರದು.

ಕೈ ಮರೆತರೂ ಕಣ್ಣು ಮರೆತಿರಲಿಲ್ಲ ಎಂದೇ ಅವರ ಚಿತ್ರಗಳನ್ನು ನೋಡಿದರೆ ಅನ್ನಿಸುತ್ತದೆ. ಅವುಗಳಲ್ಲಿ ಶಾಲೆಯ ಹುಡುಗನ ಎಚ್ಚರಿಕೆಯ ಗೆರೆಯಿಲ್ಲ. ಕುಂಚದ ಹೊಡೆತ ಜೋರಾಗಿದೆ, ಬಣ್ಣ ಹಿಂಜರಿಯುವುದಿಲ್ಲ. ಮರ ಗಾಳಿಗೆ ಅಲುಗುತ್ತಿರುವಂತೆ ತೋರುತ್ತದೆ. ಕೆಲವರಿಗೆ ಡಚ್ ಕಲಾವಿದ ವ್ಯಾನ್ ಗೋ ನೆನಪಾದದ್ದೂ ಉಂಟು. ಆದರೆ ವ್ಯಾನ್ ಗೋನ ತಳಮಳ ರುಮಾಲೆಯವರಲ್ಲಿಲ್ಲ. ಇಲ್ಲಿರುವುದು ದಣಿದು ಬಂದವನು ನೆರಳಿನಲ್ಲಿ ಕೂತಾಗ ಆಗುವ ಸಂತೋಷ.

ಮರಗಳ ಲೆಕ್ಕ

ಇಲ್ಲಿಗೆ ಈ ಕತೆಯ ಸ್ವಾರಸ್ಯದ ಭಾಗ ಬರುತ್ತದೆ. ರುಮಾಲೆ ಬರೆದ ಮರಗಳು ಎಲ್ಲಿಂದ ಬಂದವು?

ಬೆಂಗಳೂರಿನ ಹೂಮರಗಳಲ್ಲಿ ಹಲವು ಇಲ್ಲಿಯವಲ್ಲ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ನೀಲಿ ಜಕರಂಡಾ, ಗುಲಾಬಿ ಮತ್ತು ಹಳದಿ ಹೂವಿನ ಟಬೂಬಿಯಾಗಳು ಅಮೆರಿಕ ಖಂಡದ ಬಿಸಿ ಸೀಮೆಯವು. ಇವು ನಮ್ಮ ಹೊಂಗೆ, ಬೇವು, ಸಂಪಿಗೆಗಳ ಜೊತೆ ನಿಂತದ್ದರ ಹಿಂದೆ ಒಂದು ಯೋಜನೆಯಿತ್ತು. 1908ರಲ್ಲಿ ಲಾಲ್‌ಬಾಗಿಗೆ ಬಂದು 1932ರವರೆಗೆ ಸೇವೆಯಲ್ಲಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಒಂದು ಲೆಕ್ಕ ಹಾಕಿದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ನಗರದ ಯಾವುದಾದರೊಂದು ಬೀದಿಯಲ್ಲಿ ಹೂ ಇರಬೇಕು. ಒಂದು ಜಾತಿ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು. ಚಳಿಗಾಲಕ್ಕೆ ಗುಲಾಬಿ ಟಬೂಬಿಯಾ, ಶಿವರಾತ್ರಿಯ ಆಸುಪಾಸಿಗೆ ಹಳದಿ, ಯುಗಾದಿಯ ಹೊತ್ತಿಗೆ ಜಕರಂಡಾ ಮತ್ತು ಹೊಂಗೆ, ಬೇಸಿಗೆ ರಜೆಗೆ ಗುಲ್‌ಮೊಹರ್. ಬೀದಿಯೇ ಪಂಚಾಂಗವಾಗುವ ಏರ್ಪಾಡು ಇದು.

ಆದರೆ ಮರ ಆದೇಶ ಕೇಳಿ ಬೆಳೆಯುವುದಿಲ್ಲ. ನೆಟ್ಟ ಗಿಡ ರಸ್ತೆಗೆ ಚಪ್ಪರ ಹಾಕುವಷ್ಟಾಗಲು ಎರಡು ಮೂರು ದಶಕ ಬೇಕು. ರುಮಾಲೆ ಕಲಾಮಂದಿರದಲ್ಲಿ ಕಲಿಯುತ್ತಿದ್ದಾಗ ಕ್ರುಂಬಿಗಲ್ ಇನ್ನೂ ಸೇವೆಯಲ್ಲಿದ್ದರು. ಆ ಸಾಲುಮರಗಳಲ್ಲಿ ಎಷ್ಟೋ ಆಗ ಎಳೆಯವು, ಎಷ್ಟೋ ಇನ್ನೂ ನೆಲ ಕಾಣದವು. ರುಮಾಲೆ ಶಿಬಿರ, ಸತ್ಯಾಗ್ರಹ, ಶಾಸನಸಭೆ ಎಂದು ಓಡಾಡುತ್ತಿದ್ದ ಮೂವತ್ತು ವರ್ಷಗಳಲ್ಲಿ ಮರಗಳು ತಮ್ಮ ಪಾಡಿಗೆ ಬೆಳೆದವು. 1960ರ ದಶಕದಲ್ಲಿ ಅವರು ಕುಂಚ ಹಿಡಿದು ಹೊರಟಾಗ ಬೆಂಗಳೂರು ತನ್ನ ಹೂಗಾಲದ ತುದಿಯಲ್ಲಿತ್ತು. 1930ರಲ್ಲಿ ಅವರು ಚಿತ್ರ ಬಿಡದೆ ಮುಂದುವರಿಸಿದ್ದರೆ ಬೇರೆ ಏನನ್ನೋ ಬರೆಯುತ್ತಿದ್ದರು. ಇಂದು ನಾವು ರುಮಾಲೆಯವರದೆಂದು ಗುರುತಿಸುವ ಚಿತ್ರಗಳನ್ನು ಬರೆಯಲು ಆಗ ಸಾಧ್ಯವೇ ಇರಲಿಲ್ಲ. ಬರೆಯಬೇಕಾದ ವಸ್ತುವೇ ಇನ್ನೂ ಪೂರ್ತಿ ಬೆಳೆದಿರಲಿಲ್ಲ.

ಕೊಂಚ ತಡವಾಗಿ ಬಂದಿದ್ದರೂ ಕಷ್ಟವಿತ್ತು. 1970ರ ದಶಕದ ನಂತರ ನಗರ ಎಲ್ಲ ದಿಕ್ಕಿಗೂ ಹಬ್ಬಿತು. ರಸ್ತೆ ಅಗಲವಾಗತೊಡಗಿತು, ಕೈತೋಟದ ಮನೆಗಳ ಜಾಗದಲ್ಲಿ ಮಹಡಿಗಳು ಎದ್ದವು. ಟಬೂಬಿಯಾ ಪೂರ್ತಿ ಅರಳಿ ನಿಲ್ಲುವುದು ಒಂದೆರಡು ವಾರ ಮಾತ್ರ. ಮರವೇ ಹೋದ ಮೇಲೆ ಆ ಒಂದೆರಡು ವಾರವೂ ಇಲ್ಲ. ರುಮಾಲೆ ಚೆಲುವಿಗೆ ಮನಸೋತು ಬರೆದ ಚಿತ್ರಗಳು ಈಗ ದಾಖಲೆಗಳೂ ಆಗಿರುವುದು ಹೀಗೆ.

ಮರಳಿದವರು, ಮರಳದವರು

ಇಳಿವಯಸ್ಸಿನ ಸೃಷ್ಟಿಯೆಂದರೆ ಎಲ್ಲವೂ ಒಂದೇ ಬಗೆಯಲ್ಲ. ರವೀಂದ್ರನಾಥ ಠಾಕೂರರು ಚಿತ್ರ ಬರೆಯತೊಡಗಿದ್ದು ಅರವತ್ತು ದಾಟಿದ ಮೇಲೆ. ಅವರ ಚಿತ್ರಗಳು 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. ಅದು ತಡವಾದ ಆರಂಭ. ಹಿಂದೆ ಬಿಟ್ಟ ಕಲೆಯ ಭಾರ ಅವರ ಮೇಲಿರಲಿಲ್ಲ.

ಕನ್ನಡದಲ್ಲಿ ಮರಳುವಿಕೆಗೆ ಇನ್ನೊಂದು ದೊಡ್ಡ ಉದಾಹರಣೆ ಕವಿ ಕೆ.ಎಸ್. ನರಸಿಂಹಸ್ವಾಮಿ. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂದಾಗ ಅವರಿಗೆ ಇಪ್ಪತ್ತೇಳು. ಆ ಒಂದು ಪುಸ್ತಕ ಅವರನ್ನು ಮನೆಮನೆಯ ಕವಿಯನ್ನಾಗಿಸಿತು. 1950ರ ದಶಕದಲ್ಲಿ ನವ್ಯದ ಗಾಳಿ ಬೀಸಿತು. ಮಲ್ಲಿಗೆಯ ದಾರಿ ಹಳತಾಯಿತು ಎಂಬ ಮಾತು ಕೇಳಿಬಂತು. 1958ರಲ್ಲಿ ‘ಶಿಲಾಲತೆ’, 1960ರಲ್ಲಿ ‘ಮನೆಯಿಂದ ಮನೆಗೆ’ ಬಂದವು. ಆಮೇಲೆ ಹದಿನಾರು ವರ್ಷ ಹೊಸ ಕವನಸಂಕಲನ ಬರಲಿಲ್ಲ. ಸರ್ಕಾರಿ ನೌಕರಿ, ಸಂಸಾರದ ತಾಪತ್ರಯಗಳ ನಡುವೆ ಕವಿ ಮುಗಿದೇಹೋದರು ಎಂದು ಜನ ತಿಳಿದಿದ್ದರೆ ಆಶ್ಚರ್ಯವಿಲ್ಲ. 1976ರಲ್ಲಿ ‘ತೆರೆದ ಬಾಗಿಲು’ ಬಂತು. ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. 2003ರಲ್ಲಿ ತೀರಿಕೊಳ್ಳುವವರೆಗೆ ಅವರು ಬರೆಯುತ್ತಲೇ ಇದ್ದರು. ಮರಳಿ ಬಂದವರು ಮಲ್ಲಿಗೆಯ ತರುಣ ಕವಿಯಾಗಿರಲಿಲ್ಲ. ಬದುಕಿನ ಸಂಜೆಯನ್ನು ಶಾಂತವಾಗಿ ನೋಡಬಲ್ಲ ಬೇರೊಬ್ಬ ಕವಿಯಾಗಿದ್ದರು.

ಮರಳದವರೂ ಇದ್ದಾರೆ. ಮೈಸೂರು ಅರಮನೆಯ ಕಲಾವಿದ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಊಟಿ, ಕೊಡೈಕೆನಾಲಿನ ಅವರ ಜಲವರ್ಣದ ಭೂದೃಶ್ಯಗಳಿಗೆ ಸಾಟಿಯಿಲ್ಲ. ನಡುವೆ ಕೆಲಕಾಲ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯುವ ಗೀಳು ಹತ್ತಿ ಕುಂಚ ಬದಿಗೆ ಸರಿದಿತ್ತು. ಆ ಹುಚ್ಚನ್ನೇ ವಸ್ತುವಾಗಿಸಿ ಅವರು ಒಂದು ಚಿತ್ರವನ್ನೂ ಬರೆದರು. ಆದರೆ 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಅರಮನೆಯ ಕೆಲಸ ನಿಂತಿತು, ವ್ಯಾಜ್ಯ ಹುಟ್ಟಿತು. ವೆಂಕಟಪ್ಪ ಬೆಂಗಳೂರಿಗೆ ಬಂದು 1965ರವರೆಗೆ ಒಂಟಿಯಾಗಿ ಬಾಳಿದರು. ಊಟಿಯ ಚಿತ್ರಗಳಂಥ ಕೃತಿಗಳು ಆ ವರ್ಷಗಳಿಂದ ಬರಲಿಲ್ಲ. ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಅವರ ಹೆಸರಿಟ್ಟದ್ದು ಅವರು ಹೋದ ಮೇಲೆ.

ಈ ಮೂವರು ಒಂದೇ ನಗರದಲ್ಲಿ ಬಾಳಿದವರು. ಒಬ್ಬರನ್ನು ಕಲೆಯಿಂದ ದೂರ ಮಾಡಿದ್ದು ದೇಶದ ಕರೆ, ಇನ್ನೊಬ್ಬರನ್ನು ಕಾವ್ಯದ ಹವೆಯ ಬದಲಾವಣೆ, ಮತ್ತೊಬ್ಬರನ್ನು ಆಶ್ರಯ ತಪ್ಪಿದ ನೋವು. ಮೊದಲ ಇಬ್ಬರು ಮರಳಿದರು, ಮೂರನೆಯವರು ಮರಳಲಿಲ್ಲ. ಪ್ರತಿಭೆಯ ಹೆಚ್ಚುಕಡಿಮೆಯಿಂದ ಇದನ್ನು ವಿವರಿಸಲಾಗದು. ಪ್ರತಿಭೆಯಲ್ಲಿ ವೆಂಕಟಪ್ಪ ಯಾರಿಗೂ ಕಡಿಮೆಯವರಲ್ಲ. ವ್ಯತ್ಯಾಸ ಇನ್ನೆಲ್ಲೋ ಇದೆ. ವೆಂಕಟಪ್ಪನವರ ಕಲೆ ಬೆಳೆದದ್ದು ಅರಮನೆಯ ಆಶ್ರಯದಲ್ಲಿ. ಅದು ಕುಸಿದಾಗ ಕಾಲಡಿಯ ನೆಲವೇ ಹೋಯಿತು. ರುಮಾಲೆ ಮರಳಿದ್ದು ಯಾರ ಆಶ್ರಯವನ್ನೂ ನಂಬಿ ಅಲ್ಲ. ಖಾದಿ ತೊಟ್ಟು ಸರಳವಾಗಿ ಬಾಳಿ ಅಭ್ಯಾಸವಾದವರಿಗೆ ಚಿತ್ರ ಮಾರಾಟವಾಗಲೇಬೇಕೆಂಬ ಒತ್ತಡವಿರಲಿಲ್ಲ. ಕೂರಲು ನೆರಳು, ಎದುರಿಗೆ ಮರ, ಕೈಯಲ್ಲಿ ಬಣ್ಣ ಇದ್ದರೆ ಸಾಕಿತ್ತು.

ನಷ್ಟವಿಲ್ಲವೆನ್ನಲಾಗದು

ಹೀಗೆ ಹೇಳಿದಾಗ ಎಲ್ಲವೂ ಒಳ್ಳೆಯದಕ್ಕೇ ಆಯಿತು ಎಂದು ಮುಗಿಸಿಬಿಡುವ ಆಸೆಯಾಗುತ್ತದೆ. ಅದು ಸರಿಯಲ್ಲ. ಇಪ್ಪತ್ತರಿಂದ ಐವತ್ತರವರೆಗೆ ರುಮಾಲೆ ಬರೆಯಬಹುದಾಗಿದ್ದ ಚಿತ್ರಗಳು ಇಲ್ಲವೇ ಇಲ್ಲ. ಆ ಕಾಲದ ಹಳ್ಳಿ, ಸಂತೆ, ಸತ್ಯಾಗ್ರಹದ ಸಾಲುಗಳು, ಪೇಟೆಯ ಓಣಿಗಳು ಅವರ ಬಣ್ಣದಲ್ಲಿ ಹೇಗೆ ಕಾಣುತ್ತಿದ್ದವೋ ನಮಗೆ ಎಂದೂ ತಿಳಿಯದು. ಸ್ವಾತಂತ್ರ್ಯಕ್ಕಾಗಿ ಜನ ತೆತ್ತ ಬೆಲೆಯನ್ನು ಸೆರೆವಾಸದ ದಿನಗಳಲ್ಲಿ, ಕಳೆದುಕೊಂಡ ಆಸ್ತಿಯಲ್ಲಿ ಎಣಿಸುತ್ತೇವೆ. ಬರೆಯದೆ ಉಳಿದ ಚಿತ್ರಗಳನ್ನು ಯಾರೂ ಎಣಿಸುವುದಿಲ್ಲ. ಅವೂ ಆ ಬೆಲೆಯ ಒಂದು ಭಾಗವೇ.

ಆದರೆ ಬಿಟ್ಟದ್ದನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುವುದು ಮರಳುವಿಕೆಯಲ್ಲ ಎಂಬುದನ್ನು ಅವರ ಬದುಕು ತೋರಿಸುತ್ತದೆ. ಇಪ್ಪತ್ತರ ಹುಡುಗನ ಕುಂಚ ಐವತ್ತರವನಿಗೆ ಸಿಗುವುದಿಲ್ಲ. ಸಿಗುವುದು ಬೇರೊಂದು ಕುಂಚ. ಅದನ್ನು ಹಿಡಿಯಲು ಹಳೆಯ ಹೆಸರಿನ ಹಂಬಲವಿಲ್ಲದೆ, ವಿದ್ಯಾರ್ಥಿಯಂತೆ ಮತ್ತೆ ದಿನವೂ ಕೂರಬೇಕು. ನೌಕರಿ, ಸಂಸಾರ, ಮಕ್ಕಳ ಓದು ಎಂದು ತಂಬೂರಿಯನ್ನೋ ಬಣ್ಣದ ಪೆಟ್ಟಿಗೆಯನ್ನೋ ಅಟ್ಟಕ್ಕೇರಿಸಿದ ಮನೆಗಳು ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಕಡಿಮೆಯೇನಿರಲಾರವು. ಅಂಥವರಿಗೆ ರುಮಾಲೆ ಉಪದೇಶ ಮಾಡುವುದಿಲ್ಲ, ಚಿತ್ರ ತೋರಿಸುತ್ತಾರೆ.

ಅವರು ಹೋದ ಮೇಲೂ ಅವರ ಚಿತ್ರಗಳ ಪ್ರದರ್ಶನಗಳು ಬೆಂಗಳೂರಿನಲ್ಲಿ ನಡೆದಿವೆ. ಮುಂದೆ ಎಲ್ಲಾದರೂ ಅವು ಕಂಡರೆ ಓದುಗರು ತಪ್ಪದೆ ನೋಡಬೇಕು. ನೋಡುವಾಗ ಎರಡು ಲೆಕ್ಕ ಮನಸ್ಸಿನಲ್ಲಿರಲಿ. ಅದರಲ್ಲಿರುವ ಮರ ಅಷ್ಟು ಎತ್ತರ ಬೆಳೆಯಲು ಹಿಡಿದ ಕಾಲವೆಷ್ಟು, ಅದನ್ನು ಬರೆದ ಕೈ ಅದರ ಎದುರು ಬಂದು ಕೂರಲು ಹಿಡಿದ ಕಾಲವೆಷ್ಟು? ಎರಡೂ ಹೆಚ್ಚುಕಡಿಮೆ ಒಂದೇ.